ತಾಷ್‌ಕೆಚೂ ಕಾಲೇಜಿನ ಇತರೆ ಜನಾಂಗ

ತಾಷ್‌ಕೆಚೂ ಪಶುವೈದ್ಯ ಕಾಲೇಜಿನಲ್ಲಿ ಮಾರ್ಚ್ ಹನ್ನೊಂದನೇ ತಾರೀಖು ಬೆಳಿಗ್ಗೆ ಹತ್ತು ಗಂಟೆಗೆ ಸಾಂಸ್ಕೃತಿಕ ವೈವಿಧ್ಯವನ್ನು ಜಾರಿಗೆ ತರಲಾಯಿತು. ಅದಕ್ಕೆ ಮುಂಚೆ ಅಲ್ಲಿ ವೈವಿಧ್ಯ ಇರಲಿಲ್ಲವೆಂದಲ್ಲ. ಕಿರ್ಗಿಜರ ಹುಡುಗ ಉಜ್ಬೇಕರ ಹುಡುಗಿಯ ನೋಟ್ಸು ನೋಡಿ ಬರೆಯುತ್ತಿದ್ದ. ಕೊರಿಯದವನು ತಾತಾರರವನ ಬೂಟು ಹಾಕಿಕೊಂಡು ಪೇಟೆಗೆ ಹೋಗುತ್ತಿದ್ದ. ಹಸುವಿಗೆ ಹೊಟ್ಟೆ ಉಬ್ಬರಿಸಿದ ದಿನ ಎಲ್ಲರೂ ಸೇರಿ ಅದನ್ನು ಅದುಮಿ ಹಿಡಿಯುತ್ತಿದ್ದರು, ಎಲ್ಲರೂ ಸೇರಿ ಒದೆ ತಿನ್ನುತ್ತಿದ್ದರು. ಆದರೆ ಇದಾವುದಕ್ಕೂ ಆದೇಶದ ಸಂಖ್ಯೆ ಇರಲಿಲ್ಲ. ಸಂಖ್ಯೆಯಿಲ್ಲದೆ ನಡೆದದ್ದು ನಡೆದಂತೆ ಲೆಕ್ಕವಲ್ಲ.

ಮಾರ್ಚ್ ಹನ್ನೊಂದಕ್ಕೆ ಸಂಖ್ಯೆ ಸಿಕ್ಕಿತು: ನಲವತ್ತೇಳು. ಆ ಆದೇಶವನ್ನು ಕಾಲೇಜಿನ ಬಾಗಿಲಿಗೂ ದನದ ಕೊಟ್ಟಿಗೆಯ ಬಾಗಿಲಿಗೂ ಅಂಟಿಸಲಾಯಿತು. ಅದರ ಸಾರಾಂಶ ಹೀಗಿತ್ತು:

"ಒಂದು: ಈ ಕಾಲೇಜಿನಲ್ಲಿ ಯಾರೊಬ್ಬರೂ ಹೊರಗುಳಿಯತಕ್ಕದ್ದಲ್ಲ. ಎರಡು: ಪ್ರತಿಯೊಬ್ಬ ವಿದ್ಯಾರ್ಥಿಯೂ ಯಾವುದಾದರೊಂದು ಜನಾಂಗಕ್ಕೆ ಸೇರಿರತಕ್ಕದ್ದು. ಮೂರು: ಪ್ರತಿಯೊಂದು ಜನಾಂಗವೂ ಒಂದು ಉಡುಪು, ಒಂದು ಅಡುಗೆ, ಒಂದು ಕುಣಿತ ಹಾಗೂ ಒಂದು ಗಾದೆಯನ್ನು ಹೊಂದಿರತಕ್ಕದ್ದು. ನಾಲ್ಕು: ಮೇಲ್ಕಂಡಂತೆ ಒಳಗೊಳ್ಳಲು ತಪ್ಪಿದವರನ್ನು ಅಂತಿಮ ಪರೀಕ್ಷೆಯಿಂದ ಹೊರಗಿಡಲಾಗುವುದು."

ಒಂದನೇ ನಿಯಮಕ್ಕೂ ನಾಲ್ಕನೇ ನಿಯಮಕ್ಕೂ ಏನೋ ಜಗಳವಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ನನ್ನ ಕಣ್ಣು ಇದ್ದದ್ದು ಮೂರನೆಯದರ ಮೇಲೆ. ಪೇಟೆಯ ಮೂರನೇ ಸಾಲಿನಲ್ಲಿ, ಬೀಗದ ಅಂಗಡಿಯ ಎದುರು, ಮದುವೆಗೆ ಹಬ್ಬಕ್ಕೆ ಬಟ್ಟೆ ಬಾಡಿಗೆ ಕೊಡುವ ಡುಂಗಾನರ ಇಸ್ಮಾರ್ ಎಂದರೆ ನಾನೇ. ನಮ್ಮೂರಲ್ಲಿ ಯಾವ ಜನಾಂಗಕ್ಕೆ ತನ್ನ ಉಡುಪು ಬೇಕಾದರೂ ನನ್ನ ಅಂಗಡಿಗೆ ಬರಬೇಕು. ಅವರವರ ಮನೆಯ ಪೆಟ್ಟಿಗೆಯಲ್ಲಿದ್ದದ್ದನ್ನು ನುಸಿ ತಿಂದು ಎಷ್ಟೋ ಕಾಲವಾಗಿದೆ.

ಆದೇಶ ಅಂಟಿಸಿದ ದಿನವೇ ಕಾಲೇಜಿನ ಉಪನಿರ್ದೇಶಕಿ ಗುಲ್ಬುಬು ಸಾತಾರೊವ್ನಾ ನನ್ನ ಅಂಗಡಿಗೆ ಬಂದರು. ವಿದ್ಯಾರ್ಥಿಗಳ ನಡತೆ, ಶುಚಿತ್ವ, ದೇಶಪ್ರೇಮ ಈ ಮೂರೂ ಅವರ ವಶದಲ್ಲಿದ್ದವು. ಈಗ ಒಳಗೊಳ್ಳುವಿಕೆ ಸಮಿತಿಯ ಅಧ್ಯಕ್ಷಗಿರಿಯೂ ಸೇರಿತ್ತು.

"ಇಸ್ಮಾರ್ ಅಣ್ಣ, ಹನ್ನೆರಡು ಜನಾಂಗ ಬೇಕು. ಶುಕ್ರವಾರದೊಳಗೆ."

"ಗಂಡೋ ಹೆಣ್ಣೋ ಅಕ್ಕ?"

"ಜೋಡಿ ಜೋಡಿ."

"ಉಕ್ರೇನು ಒಗೆಯೋಕೆ ಹೋಗಿದೆ. ಜರ್ಮನಿಗೆ ಎರಡು ಗುಂಡಿ ಬಿದ್ದಿದೆ. ಕೊರಿಯ ಇದೆ, ಆದ್ರೆ ಒಂದೇ ಅಳತೆ."

"ಕೊರಿಯದ ಹುಡುಗ ದಪ್ಪ ಇದಾನೆ."

"ಹಾಗಾದ್ರೆ ಅವನನ್ನ ಕಜಕ್ ಮಾಡಿ. ಅದು ಸಡಿಲ ನಿಲುವಂಗಿ, ಯಾರಿಗಾದ್ರೂ ಆಗತ್ತೆ."

ಗುಲ್ಬುಬು ಸಾತಾರೊವ್ನಾ ನಗಲಿಲ್ಲ. ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಎದುರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಹೋಗುವಾಗ ನಿಜವಾದ ವಿಷಯ ಹೇಳಿದರು. ಹದಿಮೂರು ಜನಾಂಗಗಳನ್ನು ತೋರಿಸಿದ ಕಾಲೇಜಿಗೆ ರಾಜಧಾನಿಯವರು 'ಪ್ರಥಮ ದರ್ಜೆ ಸ್ನೇಹ ಕಾಲೇಜು' ಎಂಬ ಪತ್ರ ಕೊಡುತ್ತಾರೆ. ಪತ್ರ ವಿದ್ಯಾರ್ಥಿಗಳಿಗೆ. ಆಡಳಿತದವರಿಗೆ ಸರೋವರದ ದಂಡೆಯ ಆರೋಗ್ಯಧಾಮದಲ್ಲಿ ಹನ್ನೆರಡು ದಿನ ಅನುಭವ ವಿನಿಮಯ. ಊಟ, ಮಣ್ಣಿನ ಸ್ನಾನ, ಬೆನ್ನು ಮಾಲೀಸು ಸೇರಿ. ಕಾಲೇಜಿನಲ್ಲಿ ಇದ್ದದ್ದು ಹನ್ನೆರಡೇ.

"ಇನ್ನೊಂದನ್ನ ಎಲ್ಲಿಂದ ತರ್ತೀರಿ ಅಕ್ಕ?"

"ಮೊದ್ಲು ಇರೋ ಹನ್ನೆರಡು ಅಸಲಿ ಅಂತ ಖಚಿತ ಆಗ್ಲಿ" ಎಂದರು.

ಖಚಿತಪಡಿಸುವುದು ಹೇಗೆಂದು ಸಮಿತಿ ಎರಡು ವಾರ ತಲೆ ಕೆಡಿಸಿಕೊಂಡಿತು. ಕೊನೆಗೆ ಗುಲ್ಬುಬು ಸಾತಾರೊವ್ನಾ ಅವರಿಗೇ ಹೊಳೆಯಿತು. ಕಿರ್ಗಿಜರ ಮನೆಯಲ್ಲಿ ಮಗು ಮಾತು ಕಲಿಯುತ್ತಿದ್ದ ಹಾಗೇ ಅಪ್ಪ, ಅಜ್ಜ, ಮುತ್ತಜ್ಜ ಎಂದು ಏಳು ತಲೆಮಾರಿನ ಹೆಸರು ಬಾಯಿಪಾಠ ಮಾಡಿಸುತ್ತಾರೆ. ಏಳು ತಲೆ ಗೊತ್ತಿಲ್ಲದವನು ಗುಲಾಮ ಎಂಬ ಮಾತೇ ಇದೆ. ಇಂಥ ಒಳ್ಳೆಯ ಪದ್ಧತಿಯನ್ನು ಒಂದೇ ಜನಾಂಗ ಇಟ್ಟುಕೊಳ್ಳುವುದು ಸಮಾನತೆಯಲ್ಲ ಎಂದು ಸಮಿತಿ ತೀರ್ಮಾನಿಸಿತು. ಹಾಗಾಗಿ ಆದೇಶ ನಲವತ್ತೊಂಬತ್ತರ ಪ್ರಕಾರ ಪ್ರತಿ ವಿದ್ಯಾರ್ಥಿಯೂ ತನ್ನ ಏಳು ಪೂರ್ವಜರನ್ನು ಲಿಖಿತವಾಗಿ ಹಾಜರುಪಡಿಸಿ ಬಾಯಿಪಾಠವಾಗಿಯೂ ಒಪ್ಪಿಸಬೇಕು, ಆಯಾ ಜನಾಂಗದ ಒಬ್ಬ ಹಿರಿಯ ಅದಕ್ಕೆ ಸಾಕ್ಷಿ ಹೇಳಬೇಕು.

ಅಲ್ಲಿಗೆ ಊರಿನಲ್ಲಿ ಅಜ್ಜಂದಿರ ಅಭಾವ ಉಂಟಾಯಿತು. ಜರ್ಮನರ ಹುಡುಗನಿಗೆ ಗೊತ್ತಿದ್ದದ್ದು ಇಬ್ಬರು. ಕೊರಿಯದವನ ಅಜ್ಜನನ್ನು ರೈಲಿನಲ್ಲಿ ತಂದು ಇಲ್ಲಿ ಇಳಿಸಿದಾಗ ಅವನ ಹಿಂದಿನವರ ಹೆಸರು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ನಮ್ಮ ಡುಂಗಾನರು ಚೀನಾದಿಂದ ಹಿಮದ ಕಣಿವೆ ದಾಟಿ ಬರುವಾಗ ಮೆಣಸಿನಕಾಯಿ ಬೀಜ ತಂದರು, ಹೆಸರು ತರಲಿಲ್ಲ. ನನಗೇ ನಾಲ್ಕರ ಮೇಲೆ ಗೊತ್ತಿಲ್ಲ. ಕಿರ್ಗಿಜರ ಹುಡುಗರು ಕೂಡ ಐದನೆಯವನಿಗೆ ಬಂದು ತೊದಲಿ, ಕಾರಿಡಾರಿಗೆ ಹೋಗಿ ಅಜ್ಜಿಗೆ ಫೋನು ಮಾಡುತ್ತಿದ್ದರು.

ಬೇಡಿಕೆ ಇದ್ದಲ್ಲಿ ಮಾಲು ಇರಬೇಕು. ನಾನು ಅಂಗಡಿಯ ಹಿಂದಿನ ಮೂಲೆಯಲ್ಲಿ ಒಂದು ಮೇಜು ಹಾಕಿ ಪೂರ್ವಜರನ್ನು ಬರೆದುಕೊಡಲು ಕೂತೆ. ಬಟ್ಟೆಯ ಹಾಗೆ ಇವರನ್ನು ಬಾಡಿಗೆಗೆ ಕೊಡಲಾಗುವುದಿಲ್ಲ. ವಾಪಸು ಬರುವ ಮಾಲಲ್ಲ, ಖಾಯಂ ಕೊಡಬೇಕು. ಜರ್ಮನರ ಹುಡುಗನಿಗೆ ಕಾರ್ಲನ ಮಗ ಯೋಹಾನ್, ಯೋಹಾನನ ಮಗ ಕಾರ್ಲ್ ಎಂದು ಎರಡೇ ಹೆಸರನ್ನು ಏಳು ಸಲ ಮೇಲೆ ಕೆಳಗೆ ಮಾಡಿ ಕೊಟ್ಟೆ. ಸಮಿತಿಯವರು ಅದನ್ನು ಓದಿ, ನೋಡಿ ಶಿಸ್ತು ಅಂದರೆ ಇದು ಎಂದು ಬೇರೆಯವರಿಗೆ ತೋರಿಸಿದರಂತೆ.

ಏಪ್ರಿಲ್ ಕೊನೆಗೆ ಒಬ್ಬಳು ಹುಡುಗಿ ಬಂದಳು. ಉದ್ದ ಕಾಲು, ಒಣಹುಲ್ಲಿನ ಬಣ್ಣದ ಕೂದಲು, ಕಿರಿದಾದ ಕಣ್ಣು, ಮೂಗಿನ ಮೇಲೆ ಕಂದು ಚುಕ್ಕಿ. ಮೊಣಕೈವರೆಗೂ ಅಯೋಡಿನ್ ವಾಸನೆ.

"ಏಳು ಜನ ಅಜ್ಜಂದಿರು ಸಿಗ್ತಾರಂತೆ ನಿಮ್ಮಲ್ಲಿ" ಎಂದಳು.

"ಸಿಗ್ತಾರೆ ಮಗಳೇ. ಯಾವ ಜನ?"

"ಯಾವುದಾದ್ರೂ. ಬೇಗ ಬಾಯಿಪಾಠ ಆಗೋದು ಕೊಡಿ. ನನಗೆ ಕುದುರೆ ರೋಗ ಓದೋದು ಬೇರೆ ಇದೆ."

ಹೆಸರು ಕೇಳಿದೆ. ಜೋಯಾ ಸ್ತೆಪಾನೊವ್ನಾ ವೊಕ್ಜಾಲ್ನಾಯಾ ಎಂದಳು. ಮನೆತನದ ಹೆಸರು ಸ್ಟೇಷನ್ನಿನದು, ಏಕೆಂದರೆ ಅವಳು ಕೂಸಾಗಿದ್ದಾಗ ಸಿಕ್ಕಿದ್ದು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ. ಅಪ್ಪನ ಹೆಸರಿನ ಜಾಗದಲ್ಲಿರುವ ಸ್ತೆಪಾನ್, ಅನಾಥಾಲಯದಲ್ಲಿ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದವನು. ಆ ವರ್ಷ ದಾಖಲೆಗೆ ಸಹಿ ಮಾಡಲು ಅವನೇ ಕೈಗೆ ಸಿಗುತ್ತಿದ್ದನಂತೆ, ಹಾಗಾಗಿ ಹನ್ನೊಂದು ಮಕ್ಕಳಿಗೆ ಅವನೇ ಅಪ್ಪ. ಅವನಿಗೆ ಮದುವೆಯಾಗಿರಲಿಲ್ಲ.

"ಜರ್ಮನ್ ತಗೋ. ಎರಡೇ ಹೆಸರು, ತಲೆಗೆ ಭಾರ ಇಲ್ಲ."

"ಸಾಕ್ಷಿ ಹೇಳೋಕೆ ಜರ್ಮನ್ ಹಿರಿಯರು ಬರ್ತಾರಾ?"

"ಅದು ನನ್ನ ಅಂಗಡೀಲಿ ಇಲ್ಲ."

ಅವಳು ಮೇಜಿನ ಅಂಚಿನ ಮೇಲೆ ಕೂತಳು. "ನೋಡಿ ಅಣ್ಣ, ಮೇಲಿನ ಕಣಿವೆಯ ಹಾಲಿನ ಫಾರಮ್ಮಿನೋರು ಕೆಲಸ ಕೊಡ್ತೀವಿ ಅಂದಿದಾರೆ. ಜೊತೆಗೆ ಒಂದು ರೂಮು, ಒಲೆ ಇರೋದು. ಬಾಗಿಲಿಗೆ ಒಳಗಿಂದ ಚಿಲಕ ಇದೆ, ನಾನೇ ನೋಡಿ ಬಂದೆ. ಇಪ್ಪತ್ತು ವರ್ಷದಲ್ಲಿ ಚಿಲಕ ಇರೋ ಬಾಗಿಲಿನ ಒಳಗೆ ನಾನು ಮಲಗಿಲ್ಲ. ಜುಲೈ ಒಂದಕ್ಕೆ ಡಿಪ್ಲೊಮಾ ಹಿಡ್ಕೊಂಡು ಬಾ, ಇಲ್ಲಾಂದ್ರೆ ರೂಮು ಬೇರೆಯವರಿಗೆ ಅಂದಿದಾರೆ. ಜುಲೈ ಒಂದಕ್ಕೇ ಹಾಸ್ಟೆಲ್ಲಿನೋರೂ ಹೊರಗೆ ಹಾಕ್ತಾರೆ. ಪರೀಕ್ಷೆ ನಾನು ಬರೀತೀನಿ, ಅದರ ಚಿಂತೆ ಇಲ್ಲ. ಕೂರೋಕೆ ಬಿಡಬೇಕಲ್ಲ."

ಬಿಡಬೇಕೋ ಬೇಡವೋ ಎಂದು ನಿರ್ಧರಿಸಲು ಮೇ ಐದರಂದು ಕಾಲೇಜಿನ ಸಭಾಂಗಣದಲ್ಲಿ ಹನ್ನೆರಡು ಜನಾಂಗಗಳ ಹಿರಿಯರ ಸಭೆ ಸೇರಿತು. ಜೋಯಾಳನ್ನು ವೇದಿಕೆಯ ಮೇಲೆ ನಿಲ್ಲಿಸಿದರು. ಇವಳು ನಮ್ಮವಳು ಎಂದು ಯಾರಾದರೊಬ್ಬರು ಹೇಳಿದರೆ ಮುಗಿಯಿತು. ಆದರೆ ಇವಳು ನಮ್ಮವಳು ಎಂದವನು ನಾಳೆ ಅವಳ ಮದುವೆಗೆ ಕುರಿ ಕಡಿಯಬೇಕು, ಬಾಣಂತನಕ್ಕೆ ಹೆಂಡತಿಯನ್ನು ಕಳಿಸಬೇಕು, ಸತ್ತರೆ ಹೊರಬೇಕು. ಇದು ನಿಯಮವಲ್ಲ, ರೂಢಿ. ನಿಯಮವನ್ನಾದರೆ ಹೇಗಾದರೂ ದಾಟಬಹುದು.

ಹಾಗಾಗಿ ಎಲ್ಲರೂ ಬಹಳ ಸೌಜನ್ಯದಿಂದ ನಡೆದುಕೊಂಡರು. ಕಿರ್ಗಿಜರ ಹಿರಿಯರು ಬಿಳಿ ಉಣ್ಣೆಟೋಪಿ ಸರಿಪಡಿಸಿಕೊಂಡು, "ಕಣ್ಣು ನೋಡಿದ್ರೆ ಕಜಕರ ಮಗು, ದೇವರು ಆಯಸ್ಸು ಕೊಡ್ಲಿ" ಎಂದರು.

ಕಜಕರ ಹಿರಿಯರು, "ಅಷ್ಟು ದೊಡ್ಡ ಗೌರವ ನಮಗೆ ಬೇಡಿ. ಕೆನ್ನೆ ತಾತಾರರದು" ಎಂದರು.

ತಾತಾರರ ಮುದುಕಿ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದರು. "ಕೆನ್ನೆ ಇರಬಹುದು. ಆದ್ರೆ ನಿಂತಿರೋ ರೀತಿ ನೋಡಿ, ರಷ್ಯನ್ನರ ಹಾಗೇ ಒಂದು ಕಾಲಿನ ಮೇಲೆ ಭಾರ."

"ಎರಡು ಗಂಟೆಯಿಂದ ನಿಂತಿದೀನಿ ಅಜ್ಜಿ" ಎಂದಳು ಜೋಯಾ.

"ಬಾಯಿ ಉಜ್ಬೇಕರದು" ಎಂದರು ರಷ್ಯನ್ನರ ಹಿರಿಯರು, ತಕ್ಷಣ.

ಡುಂಗಾನರ ಪರವಾಗಿ ಕೂತಿದ್ದವನು ನಾನು. ಸರದಿ ಬಂದಾಗ, ಮೂಗು ನಮ್ಮದಲ್ಲ ಎಂದೆ. ನಮ್ಮವರಿಗೆ ಇಂಥದ್ದೇ ಮೂಗು ಎಂಬ ಕಟ್ಟಳೆಯೇನೂ ಇಲ್ಲ. ಆದರೆ ಏನಾದರೊಂದು ಹೇಳಬೇಕಿತ್ತು, ಮನೆಯಲ್ಲಿ ಆಗಲೇ ಮೂವರು ಹೆಣ್ಣುಮಕ್ಕಳು.

ಹನ್ನೆರಡು ಜನಾಂಗಗಳೂ ಅವಳನ್ನು ಹೊಗಳಿ, ಪಕ್ಕದವರಿಗೆ ದಾಟಿಸಿ, ಮಾಂಸದನ್ನದ ಪ್ಲೋವ್ ಊಟ ಮಾಡಿ ಎದ್ದವು. ಯಾರೂ ಹೊರಗುಳಿಯತಕ್ಕದ್ದಲ್ಲ ಎಂಬ ನಿಯಮವನ್ನು ಪಾಲಿಸಲು ಜೋಯಾಳನ್ನು ಪರೀಕ್ಷೆಯ ಪಟ್ಟಿಯಿಂದ ತೆಗೆಯುವುದೊಂದೇ ಈಗ ಉಳಿದಿತ್ತು. ಪಟ್ಟಿಯಲ್ಲೇ ಇಲ್ಲದವಳು ಹೊರಗುಳಿದ ಲೆಕ್ಕಕ್ಕೆ ಬರುವುದಿಲ್ಲ.

ಗುಲ್ಬುಬು ಸಾತಾರೊವ್ನಾ ಪೆನ್ನು ತೆಗೆದರು. ಆಗ ಅವರ ಕಣ್ಣಿಗೆ ರಾಜಧಾನಿಯಿಂದ ಬಂದಿದ್ದ ಅಚ್ಚಾದ ನಮೂನೆಯ ಕೊನೆಯ ಸಾಲು ಬಿತ್ತು. ಮೇಲೆ ಹನ್ನೆರಡು ಜನಾಂಗಗಳ ಹೆಸರು. ಕೆಳಗೆ, ಹದಿಮೂರನೆಯ ಸಾಲಿನಲ್ಲಿ, 'ಇತರೆ'.

ಅವರು ನಮೂನೆಯನ್ನು ನಿರ್ದೇಶಕ ತುರ್ದುಬೆಕ್ ಕಾದಿರೊವಿಚ್ ಅವರ ಮುಂದೆ ಇಟ್ಟರು. ತುರ್ದುಬೆಕ್ ಕಾದಿರೊವಿಚ್ ಭಾರಿ ಆಳು, ಬೆನ್ನುನೋವಿನವರು. ಮಾಲೀಸಿನ ಆಸೆ ಇಟ್ಟುಕೊಂಡಿದ್ದರು.

"ಎಷ್ಟು ಜನಾಂಗ ಬೇಕಂತ ಇತ್ತು?" ಎಂದು ಕೇಳಿದರು.

"ಹದಿಮೂರು."

"ಇವರು ಎಷ್ಟನೆಯವರು?"

"ಹದಿಮೂರನೆಯವರು."

"ಆ ಹುಡುಗೀನ ಕೆಳಗಿಳಿಸಿ. ಕುರ್ಚಿ ಕೊಡಿ. ಚಹಾ ಕೊಡಿ. ಇಷ್ಟು ಹೊತ್ತು ಒಂದಿಡೀ ಜನಾಂಗವನ್ನ ನಿಲ್ಲಿಸಿಬಿಟ್ಟಿದೀರಿ, ನಾಚಿಕೆ ಇಲ್ವಾ ನಿಮಗೆ."

ಹೀಗೆ ಮೇ ಐದರ ಸಂಜೆ ಇತರೆ ಜನಾಂಗ ಅಸ್ತಿತ್ವಕ್ಕೆ ಬಂತು. ಜನಸಂಖ್ಯೆ ಒಂದು. ಜೋಯಾ ಪರೀಕ್ಷೆಗೆ ಕೂರಬಹುದೆಂದು ಬರೆದುಕೊಟ್ಟರು. ಅವಳು ಚಹಾ ಕುಡಿದು ಓದಲು ಹೋದಳು.

ಆದರೆ ಜನಾಂಗವೆಂದ ಮೇಲೆ ಉಡುಪು, ಅಡುಗೆ, ಕುಣಿತ, ಗಾದೆ ಬೇಕು. ಉಡುಪು ನನಗೆ ಬಿತ್ತು. ಇತರೆಯವರು ಏನು ಉಡುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ನನ್ನ ಕೆಲಸ ಸಲೀಸಾಯಿತು. ಗೋದಾಮಿನಲ್ಲಿ ಆರು ವರ್ಷದಿಂದ ಕೂತಿದ್ದ ಬೂದು ಬಣ್ಣದ ಅಸ್ತರಿ ಬಟ್ಟೆ ಇತ್ತು. ನನ್ನ ಹೆಂಡತಿ ಸೈಮೆ ಅದರಲ್ಲಿ ಒಂದು ಉದ್ದಂಗಿ ಹೊಲಿದು, ಅಂಚಿಗೆ ಪರದೆಯ ಹಳೆಯ ಕುಚ್ಚು ಹಾಕಿದಳು.

"ಇದು ಏನನ್ನ ಸೂಚಿಸತ್ತೆ ಅಂತ ಕೇಳಿದ್ರೆ?" ಎಂದಳು ಸೈಮೆ.

"ಬೂದು ಬಣ್ಣ ಕಷ್ಟವನ್ನ, ಕುಚ್ಚು ಆಶೆಯನ್ನ" ಎಂದೆ. ಅದೇ ಮಾತು ಮುಂದೆ ಸಮಿತಿಯ ಕೈಪಿಡಿಯಲ್ಲಿ ಅಚ್ಚಾಯಿತು.

ಅಡುಗೆ ಏನು ಬರುತ್ತದೆಂದು ಜೋಯಾಳನ್ನು ಕೇಳಿದರು. ಅನಾಥಾಲಯದಲ್ಲಿ ಮಾಡುತ್ತಿದ್ದದ್ದು ಒಂದೇ, ಮ್ಯಾಕರೋನಿ ಬೇಯಿಸಿ ಮೇಲೆ ಸಕ್ಕರೆ ಉದುರಿಸುವುದು. ಕುಣಿತ ಎಂದಾಗ ಅವಳು ಯೋಚಿಸಿ, ಅಲ್ಲಿ ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ಮಾಡಿಸುತ್ತಿದ್ದ ಕವಾಯತು ತೋರಿಸಿದಳು: ಕೈ ಮೇಲೆ, ಕೈ ಪಕ್ಕಕ್ಕೆ, ಬಗ್ಗು, ಏಳು, ಒಂದು ಎರಡು ಮೂರು ನಾಲ್ಕು. ಗಾದೆಗೆ ಹುಡುಕಾಡಬೇಕಾಗಲಿಲ್ಲ. ಊಟದ ಕೋಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತಂತೆ: ತಿಂದವರೇ ತಟ್ಟೆ ಎತ್ತಿ. ಭಾಷಾ ಅಧ್ಯಾಪಕರು ಇದರ ಮೇಲೆ ಮೂರು ಪುಟ ಬರೆದು, ಇತರೆ ಜನಾಂಗದವರಲ್ಲಿ ಕರ್ಮಫಲದ ಕಲ್ಪನೆ ಬಹಳ ಹಿಂದಿನಿಂದಲೂ ಇದೆ ಎಂದು ಸಾಬೀತು ಮಾಡಿದರು.

ಮೇ ಇಪ್ಪತ್ತೆರಡಕ್ಕೆ ರಾಜಧಾನಿಯ ತಪಾಸಣಾಧಿಕಾರಿ ಮೆದೆರ್ ಇಸಾಯೆವಿಚ್ ಬಂದರು. ಗೇಟಿನಲ್ಲೇ ಅವರಿಗೆ ನಿಲುವಂಗಿ ಹೊದಿಸಿ, ಟೋಪಿ ಇಟ್ಟು, ರೊಟ್ಟಿ ಮುರಿಸಿ ಉಪ್ಪಿಗೆ ಅದ್ದಿಸಿದರು. ಅಂಗಳದಲ್ಲಿ ಹದಿಮೂರು ಮೇಜು. ಪ್ರತಿ ಮೇಜಿನಲ್ಲೂ ತಿನ್ನದಿದ್ದರೆ ಆ ಜನಾಂಗಕ್ಕೆ ಅವಮಾನ. ಪ್ಲೋವ್, ಲಗ್ಮಾನ್, ಕುದುರೆ ಮಾಂಸದ ಸಾಸೇಜು, ನಮ್ಮವರ ಖಾರದ ತಣ್ಣನೆ ಶ್ಯಾವಿಗೆ, ಕೊರಿಯದ ಕ್ಯಾರೆಟ್ಟು, ಹುಳಿಹಾಲು, ಕಡುಬು, ಮತ್ತೆ ಪ್ಲೋವ್. ಹನ್ನೆರಡನೆಯ ಮೇಜಿಗೆ ಬರುವಾಗ ಅವರು ಎಲ್ಲ ಜನಾಂಗಗಳ ಮೇಲೂ ಸಮಾನವಾಗಿ ಬೇಸರಗೊಂಡಿದ್ದರು. ಹದಿಮೂರನೆಯ ಮೇಜಿನ ಹಿಂದೆ ಬೂದು ಅಂಗಿಯಲ್ಲಿ ಜೋಯಾ ಒಬ್ಬಳೇ ನಿಂತಿದ್ದಳು. ಮುಂದೆ ಒಂದು ತಟ್ಟೆ ಮ್ಯಾಕರೋನಿ.

"ಎಷ್ಟು ತಿನ್ನಬೇಕು?" ಎಂದು ಕೇಳಿದರು ಮೆದೆರ್ ಇಸಾಯೆವಿಚ್, ಸೋತ ದನಿಯಲ್ಲಿ.

"ನಮ್ಮಲ್ಲಿ ಬಲವಂತ ಮಾಡೋಲ್ಲ. ಉಳಿದ್ರೆ ಬೇರೆಯವರು ತಿಂತಾರೆ."

ಅಂಥ ಸಂಸ್ಕೃತಿಯನ್ನು ತಾವು ನೋಡಿರಲಿಲ್ಲವೆಂದು ಅವರು ಅಲ್ಲೇ ಕುರ್ಚಿ ಎಳೆದು ಕೂತರು. ಬೆಲ್ಟು ಸಡಿಲ ಮಾಡಿಕೊಂಡು ಪುಸ್ತಕ ತೆಗೆದರು.

"ನಿಮ್ಮ ಜನ ಎಲ್ಲಿಂದ ವಲಸೆ ಬಂದದ್ದು?"

"ರೈಲ್ವೆ ಸ್ಟೇಷನ್ನಿಂದ."

"ಒಟ್ಟು ಎಷ್ಟು ಜನ?"

"ನಾನೊಬ್ಬಳೇ ಇರೋದು."

ಅವರು ಪೆನ್ನು ಕೆಳಗಿಟ್ಟು ಅವಳನ್ನು ಬಹಳ ಹೊತ್ತು ನೋಡಿದರು. ನಂತರ ಬರೆದರು: 'ರೈಲುಮಾರ್ಗದ ಅಂಚಿನ ಪುರಾತನ ಜನಾಂಗ. ಅಳಿವಿನ ಅಂಚಿನಲ್ಲಿದೆ. ತುರ್ತು ಸಂರಕ್ಷಣೆ ಅಗತ್ಯ.' ಕಾಲೇಜಿಗೆ ಪ್ರಥಮ ದರ್ಜೆ ಎಂದು ಅಲ್ಲೇ ಘೋಷಿಸಿದರು. ಹಿಮಚಿರತೆ ಸಿಕ್ಕಿದ ಹಾಗೆ ಎಲ್ಲರೂ ಜೋಯಾಳ ಜೊತೆ ಫೋಟೋ ತೆಗೆಸಿಕೊಂಡರು.

ಜೂನ್ ಹನ್ನೆರಡಕ್ಕೆ ಪರೀಕ್ಷೆ ಮುಗಿಯಿತು. ಜೋಯಾ ಶಸ್ತ್ರಚಿಕಿತ್ಸೆಯಲ್ಲಿ ಮೊದಲು, ಕುದುರೆ ರೋಗದಲ್ಲಿ ಮೊದಲು, ಉಳಿದದ್ದರಲ್ಲೂ ಪಾಸು. ಹದಿನೈದಕ್ಕೆ ಎಲ್ಲರಿಗೂ ಡಿಪ್ಲೊಮಾ ಕೊಟ್ಟರು, ಅವಳಿಗೆ ಕೊಡಲಿಲ್ಲ. ಕಾರಣ ಕೇಳಲು ಹೋದಾಗ ಗುಲ್ಬುಬು ಸಾತಾರೊವ್ನಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆದೇಶ ಐವತ್ತೆಂಟನ್ನು ತೋರಿಸಿದರು. 'ಸಂರಕ್ಷಿತ ಜನಾಂಗದ ಜನಸಂಖ್ಯೆಯು ಕಾಲೇಜಿನ ಆವರಣದಲ್ಲಿ ಯಾವುದೇ ಸಂದರ್ಭದಲ್ಲಿ ಸೊನ್ನೆಗೆ ಇಳಿಯತಕ್ಕದ್ದಲ್ಲ.'

"ಮೂವತ್ತನೇ ತಾರೀಖಿಗೆ ರಾಜಧಾನಿಗೆ ಅಂತಿಮ ಪಟ್ಟಿ ಹೋಗತ್ತೆ ಮಗಳೇ. ನೀನು ಹೊರಟುಬಿಟ್ರೆ ನಿಮ್ಮ ಜನಾಂಗದ ಗತಿ ಏನು? ಸ್ವಲ್ಪ ನಿಮ್ಮವರ ಬಗ್ಗೆನೂ ಯೋಚನೆ ಮಾಡು."

"ನಮ್ಮೋರು ಅಂದ್ರೆ ನಾನೇ ಅಲ್ವಾ ಅಕ್ಕ."

"ಅದಕ್ಕೇ ಹೇಳ್ತಿರೋದು, ಸ್ವಾರ್ಥ ಬಿಡು ಅಂತ. ಮುಂದಿನ ವರ್ಷ ಇನ್ನೊಂದು ಸಲ ಓದು. ಹಾಸ್ಟೆಲ್ಲಲ್ಲಿ ಕಿಟಕಿ ಪಕ್ಕದ ಮಂಚ ಕೊಡಿಸ್ತೀನಿ."

"ನನಗೆ ಚಿಲಕ ಬೇಕು, ಕಿಟಕಿ ಅಲ್ಲ."

"ಇಷ್ಟೊಂದು ಸಂರಕ್ಷಣೆ ಇರೋವಾಗ ಚಿಲಕ ಯಾಕೆ?" ಎಂದರು ಗುಲ್ಬುಬು ಸಾತಾರೊವ್ನಾ, ನಿಜವಾಗಿಯೂ ಅರ್ಥವಾಗದೆ.

ಜೋಯಾ ನೇರ ನನ್ನ ಅಂಗಡಿಗೆ ಬಂದಳು. ಬೈಯಲಿಲ್ಲ, ಅಳಲಿಲ್ಲ. ಕಟ್ಟಿದ ಚೀಲ ಹೆಗಲಲ್ಲೇ ಇತ್ತು.

"ನನ್ನ ಜಾಗಕ್ಕೆ ಒಬ್ಬರು ಬೇಕು ಅಣ್ಣ. ಬಾಡಿಗೆಗೆ ಸಿಕ್ರೂ ಆಗತ್ತೆ."

ಇಲ್ಲಿ ನಾನು ದಯೆ ತೋರಿಸಿದೆನೆಂದು ಯಾರಾದರೂ ತಿಳಿದರೆ ತಪ್ಪು. ಮೇ ಇಪ್ಪತ್ತೆರಡರ ಹಬ್ಬದ ಮರುದಿನವೇ, ಇನ್ನು ಎಲ್ಲ ಕಾಲೇಜುಗಳೂ ಇತರೆ ಉಡುಪು ಕೇಳುತ್ತವೆಂದು ಲೆಕ್ಕ ಹಾಕಿ, ಉಳಿದ ಅಸ್ತರಿಯಲ್ಲೆಲ್ಲ ಬೂದು ಅಂಗಿ ಹೊಲಿಸಿಬಿಟ್ಟಿದ್ದೆ. ಒಂದೂ ಹೋಗಿರಲಿಲ್ಲ. ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ನಿನ್ನ ಪುರಾತನ ಜನಾಂಗವನ್ನ ಮಂಚದ ಮೇಲಿಂದ ತೆಗಿ ಎಂದು ಸೈಮೆ ದಿನಾ ಹೇಳುತ್ತಿದ್ದಳು. ಇತರೆಯವರ ಸಂಖ್ಯೆ ಹೆಚ್ಚಾದರೆ ಹುಡುಗಿಗೆ ಒಂದು ಲಾಭ, ನನಗೆ ಬಹಳ ಲಾಭ.

ಆ ಸಂಜೆಯೇ ನಾಲ್ಕು ಅಂಗಿ ತೋಳಿಗೆ ಹಾಕಿಕೊಂಡು ಹಾಸ್ಟೆಲ್ಲಿಗೆ ಹೋದೆ. ಅಡುಗೆಮನೆಯಲ್ಲಿ ಮೊದಲು ಸಿಕ್ಕವನು ನಿರ್ದೇಶಕರ ಅಣ್ಣನ ಮಗ ತಿಲೆಕ್. ಎರಡನೇ ವರ್ಷದವನು. ಪೂರ್ವಜರ ಪರೀಕ್ಷೆಯಲ್ಲಿ ಎರಡು ಸಲ ಐದನೆಯವನನ್ನು ಬಿಟ್ಟು ಆರನೆಯವನಿಗೆ ಹಾರಿ, ಚಿಕ್ಕಪ್ಪನ ಮಾನ ಕಳೆದಿದ್ದ. ಮೂರನೇ ಪ್ರಯತ್ನ ಬಾಕಿ ಇತ್ತು.

"ಇತರೆ ಆದ್ರೆ ಏಳು ಹೆಸರು ಹೇಳ್ಬೇಕಾ ಅಣ್ಣ?"

"ಒಂದೂ ಬೇಡ."

"ಸಾಕ್ಷಿಗೆ ಹಿರಿಯರು?"

"ಒಬ್ಬಳೇ ಹಿರಿಯಳು, ಜೋಯಾ. ಯಾರು ಬಂದ್ರೂ ಸಹಿ ಹಾಕ್ತಾಳೆ."

"ಕುಣಿತ ಕಷ್ಟ ಇದೆಯಾ?"

"ನಾಲ್ಕರ ತನಕ ಎಣಿಸೋಕೆ ಬರಬೇಕು."

ತಿಲೆಕ್ ಸ್ವಲ್ಪ ಯೋಚಿಸಿ, ಬರುತ್ತದೆ ಎಂದ.

ಮರುದಿನ ಹನ್ನೊಂದು ಜನ. ಅದರ ಮರುದಿನ ಮೂವತ್ತು. ಪೂರ್ವಜರನ್ನು ಬಾಯಿಪಾಠ ಮಾಡಿ ಸುಸ್ತಾದವರು, ಮದುವೆಗೆ ತಮ್ಮವರಲ್ಲೇ ಹುಡುಗಿ ನೋಡಿಟ್ಟಿದ್ದಾರೆಂದು ಹೆದರಿದವರು, ಅಪ್ಪ ಒಂದು ಜನಾಂಗ ಅಮ್ಮ ಒಂದು ಜನಾಂಗ ಆಗಿ ಎರಡೂ ಮೇಜಿನಲ್ಲಿ ಪಾತ್ರೆ ತೊಳೆಯಬೇಕಾಗಿದ್ದವರು, ಬರೀ ಮ್ಯಾಕರೋನಿ ಇಷ್ಟಪಟ್ಟವರು, ಎಲ್ಲರೂ ಅರ್ಜಿ ಹಾಕಿದರು. ಜೋಯಾ ಕೂತಲ್ಲಿ ಸಹಿ ಹಾಕಿದಳು. ಜೂನ್ ಇಪ್ಪತ್ತಾರಕ್ಕೆ ಮುನ್ನೂರ ಒಂಬತ್ತು ವಿದ್ಯಾರ್ಥಿಗಳಲ್ಲಿ ಇನ್ನೂರ ಹನ್ನೆರಡು ಮಂದಿ ಇತರೆ. ನನ್ನ ಮಂಚ ಖಾಲಿಯಾಯಿತು. ಅಸ್ತರಿ ಸಾಲದೆ ಪರದೆಯ ಬಟ್ಟೆ ಕತ್ತರಿಸಬೇಕಾಯಿತು.

ಈಗ ಸಮಿತಿಗೆ ಹೊಸ ಆತಂಕ ಶುರುವಾಯಿತು. ಉಕ್ರೇನಿನವನು ಒಬ್ಬನೇ ಇದ್ದ, ಅವನೂ ಹೋಗಿದ್ದ. ತಾತಾರರು ಮುಗಿದಿದ್ದರು. ಕೊರಿಯದ ದಪ್ಪ ಹುಡುಗ ಸಡಿಲ ಅಂಗಿಯ ಆಸೆಗೆ ಇತರೆ ಆಗಿದ್ದ. ಮೂರು ಜನಾಂಗ ಕರಗಿ, ಇತರೆಯೂ ಸೇರಿ ಉಳಿದದ್ದು ಹತ್ತು. ಆರೋಗ್ಯಧಾಮದ ಟಿಕೆಟ್ಟು ಜುಲೈ ಒಂದರಿಂದ. ಪಟ್ಟಿ ಹೋಗಲು ನಾಲ್ಕೇ ದಿನ.

ಅದೃಷ್ಟಕ್ಕೆ, ಇತರೆ ಜನಾಂಗದಲ್ಲಿ ಅಷ್ಟರೊಳಗೆ ಒಳಜಗಳ ಹುಟ್ಟಿತ್ತು. ಮ್ಯಾಕರೋನಿಗೆ ಸಕ್ಕರೆ ಹಾಕುವುದು ಪೂರ್ವಿಕರ ಪದ್ಧತಿ ಎಂದು ಒಂದು ಗುಂಪು. ಸಕ್ಕರೆ ಹೊರಗಿನವರು ತಂದ ಚಾಳಿ, ಮೂಲದಲ್ಲಿ ಉಪ್ಪೇ ಎಂದು ಇನ್ನೊಂದು. ಮೂರನೆಯವರು ಬೆಣ್ಣೆಯವರು, ಮನೆಯಿಂದ ಡಬ್ಬಿ ಬರುವವರು. ನಾಲ್ಕನೆಯವರು ಟೊಮೆಟೊ ಸಾಸಿನವರು. ಅವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಉಪ್ಪಿನವರಿಗೆ ಹತ್ತೊಂಬತ್ತು ವರ್ಷದ ತಿಲೆಕ್ ಕುಲಹಿರಿಯನಾಗಿದ್ದ. ಕೋಲು ಹಿಡಿದು ನಡೆಯುತ್ತಿದ್ದ. ಸಕ್ಕರೆಯವರ ಹಿರಿಯಳು ವಾಲ್ಯಾ ಎಂಬ ಮೂರನೇ ವರ್ಷದ ಹುಡುಗಿ.

ಸಮಿತಿ ಇದನ್ನು ಸಂತೋಷದಿಂದ ಸ್ವಾಗತಿಸಿತು. ಆದೇಶ ಅರವತ್ತೊಂದರ ಪ್ರಕಾರ ಇತರೆಯವರನ್ನು ಸಕ್ಕರೆ, ಉಪ್ಪು, ಬೆಣ್ಣೆ, ಸಾಸು ಎಂಬ ನಾಲ್ಕು ಪ್ರತ್ಯೇಕ ಜನಾಂಗಗಳಾಗಿ ಮಾನ್ಯ ಮಾಡಲಾಯಿತು. ಒಂಬತ್ತು ಮತ್ತು ನಾಲ್ಕು ಹದಿಮೂರು. ಪರಸ್ಪರರ ಮೇಜನ್ನು ಮುಟ್ಟದೆ ಸ್ನೇಹದಿಂದ ಬಾಳತಕ್ಕದ್ದೆಂದು ಸೂಚಿಸಲಾಯಿತು.

ಜೂನ್ ಮೂವತ್ತರ ಮಧ್ಯಾಹ್ನ ಜೋಯಾಳನ್ನು ಕಚೇರಿಗೆ ಕರೆದರು. ಜನಸಂಖ್ಯೆ ಸುರಕ್ಷಿತವಾಗಿತ್ತು, ಇನ್ನು ತಡೆಯಲು ಕಾರಣವಿರಲಿಲ್ಲ. ಉಡುಪುಗಳ ರಸೀದಿಗೆ ಸೀಲು ಹಾಕಿಸಲು ನಾನೂ ಅಲ್ಲೇ ಕೂತಿದ್ದೆ. ಹೊರಗೆ ಎರಡು ಗಾಡಿ ನಿಂತಿದ್ದವು. ಒಂದು ನಿರ್ದೇಶಕರನ್ನು ಸರೋವರಕ್ಕೆ ಒಯ್ಯುವ ಕಾರು, ಡಿಕ್ಕಿಯಲ್ಲಿ ಕಲ್ಲಂಗಡಿ. ಇನ್ನೊಂದು ಹಾಲಿನ ಫಾರಮ್ಮಿನ ಲಾರಿ. ಅದರ ಚಾಲಕ ಆಗಾಗ ಹಾರ್ನು ಒತ್ತುತ್ತಿದ್ದ.

ಡಿಪ್ಲೊಮಾ ಸಿದ್ಧವಾಗಿತ್ತು. ಒಂದೇ ಜಾಗ ಖಾಲಿ ಇತ್ತು.

"ಜನಾಂಗ ಯಾವುದಂತ ಬರೀಲಿ?" ಎಂದರು ಗುಲ್ಬುಬು ಸಾತಾರೊವ್ನಾ.

"ಇತರೆ."

"ಅದು ರದ್ದಾಗಿದೆ ಮಗಳೇ. ಸಕ್ಕರೆನೋ ಉಪ್ಪೋ?"

"ಸಕ್ಕರೆ ಇದ್ದ ದಿನ ಸಕ್ಕರೆ. ಇಲ್ಲದ ದಿನ ಉಪ್ಪು."

ಸಾಕ್ಷಿಗೆಂದು ಕರೆಸಿದ್ದ ಇಬ್ಬರು ಹಿರಿಯರು ಮುಖ ಮುಖ ನೋಡಿಕೊಂಡರು. ತಿಲೆಕ್ ಕೋಲಿನ ಮೇಲೆ ಗಲ್ಲ ಊರಿದ.

"ಜೋಯಾ ಅಕ್ಕನ ಮೇಲೆ ನಮಗೆ ಗೌರವ ಇದೆ. ಆದ್ರೆ ಸಕ್ಕರೆ ತಿಂದವರನ್ನ ನಮ್ಮವರು ಅಂತ ಹೇಗೆ ಹೇಳೋದು? ನಾಳೆ ನಮ್ಮ ಹುಡುಗರು ಕೇಳ್ತಾರೆ."

"ಅವನ ಹತ್ರ ಸಹಿ ಹಾಕಿಸ್ಕೊಂಡು ನಮ್ಮ ಹತ್ರ ಬರೋದು ಬೇಡ" ಎಂದಳು ವಾಲ್ಯಾ.

"ನಿಮ್ಮಿಬ್ಬರ ಅರ್ಜಿಗೂ ನಾನೇ ಸಹಿ ಹಾಕಿದ್ದು" ಎಂದಳು ಜೋಯಾ.

"ಅದು ಹಳೇ ಕಾಲ" ಎಂದ ತಿಲೆಕ್. ಎರಡು ವಾರ ಆಗಿತ್ತು.

ಲಾರಿಯ ಹಾರ್ನು ಮತ್ತೆ ಕೂಗಿತು. ನಿರ್ದೇಶಕರು ಗಡಿಯಾರ ನೋಡಿ, ಸೊಂಟ ಹಿಡಿದುಕೊಂಡು, ಏನಾದರೊಂದು ಮಾಡಿ ಮುಗಿಸಿ ಎಂದರು. ಜೋಯಾ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಖಾಲಿ ಜಾಗದಲ್ಲಿ ತಾನೇ ಬರೆದು, ಕಾಗದ ತಿರುಗಿಸಿ ಇಟ್ಟಳು. ಜನಾಂಗ: ಪಶುವೈದ್ಯೆ.

ಕಾಗದ ಕೈಯಿಂದ ಕೈಗೆ ದಾಟಿ ನಿರ್ದೇಶಕರ ಮುಂದೆ ಬಂತು.

"ಇಂಥ ಜನಾಂಗ ಇದೆಯಾ?" ಎಂದರು ನಿರ್ದೇಶಕರು.

ಗುಲ್ಬುಬು ಸಾತಾರೊವ್ನಾ ಕೈಪಿಡಿಯ ಹಾಳೆ ತಿರುವಿದರು. "ಇಲ್ಲ ಅಂತ ಎಲ್ಲೂ ಬರೆದಿಲ್ಲ. ಉಡುಪು ಇದೆಯಾ ನಿಮಗೆ?"

"ಬಿಳಿ ಕೋಟು, ರಬ್ಬರ್ ಬೂಟು."

"ಅಡುಗೆ?"

"ಹಸು ಕರು ಹಾಕಿದ ಮನೇಲಿ ಏನು ಕೊಟ್ರೆ ಅದು."

"ಕುಣಿತ?"

"ಸೂಜಿ ಚುಚ್ಚೋವಾಗ ಹಸು ಹಿಂದೆ ನಿಂತ್ಕೊಳ್ಳಿ, ತಾನಾಗೇ ಬರತ್ತೆ."

"ಗಾದೆ?"

"ಮೊದ್ಲು ಕೈ ತೊಳಿ."

ನಾಲ್ಕೂ ಸರಿಹೋದವು. ಸಾಕ್ಷಿಗೆ ಆ ಜನಾಂಗದ ಹಿರಿಯರು ಯಾರು ಎಂದಾಗ ನಿರ್ದೇಶಕರಿಗೆ ತಾವೂ ಮೂವತ್ತು ವರ್ಷದ ಕೆಳಗೆ ಅದೇ ಪರೀಕ್ಷೆ ಪಾಸು ಮಾಡಿದ್ದು ನೆನಪಾಯಿತು. ಸ್ವಲ್ಪ ಸಂಕೋಚದಿಂದಲೇ ಸಹಿ ಹಾಕಿದರು. ಸೀಲು ಬಿತ್ತು. ಜೋಯಾ ಡಿಪ್ಲೊಮಾವನ್ನು ಅಂಗಿಯೊಳಗೆ ತುರುಕಿಕೊಂಡು, ಚೀಲ ಎತ್ತಿ, ಲಾರಿ ಹತ್ತಿದಳು. ನಮಗ್ಯಾರಿಗೂ ಕೈ ಬೀಸಲಿಲ್ಲ, ಬೀಸುವಂಥದ್ದೇನೂ ನಾವು ಮಾಡಿರಲಿಲ್ಲ.

ರಾಜಧಾನಿಗೆ ಹದಿನಾಲ್ಕು ಜನಾಂಗಗಳ ಪಟ್ಟಿ ಹೋಯಿತು. ಪಶುವೈದ್ಯ ಕಾಲೇಜಿನಲ್ಲಿ ಪಶುವೈದ್ಯರೂ ಒಂದು ಜನಾಂಗವಾಗಿ ಕಂಡುಬಂದಿರುವುದು ಅತ್ಯಂತ ಹರ್ಷದ ಸಂಗತಿ, ಇಂಥ ಅಲ್ಪಸಂಖ್ಯಾತರಿಗೂ ಜಾಗ ಕೊಟ್ಟ ಆಡಳಿತದ ಹೃದಯವೈಶಾಲ್ಯ ಮಾದರಿಯಾದದ್ದು ಎಂದು ಮೆದೆರ್ ಇಸಾಯೆವಿಚ್ ಉತ್ತರ ಬರೆದರು. ಅನುಭವ ವಿನಿಮಯವನ್ನು ಹನ್ನೆರಡು ದಿನದಿಂದ ಹದಿನೆಂಟಕ್ಕೆ ಏರಿಸಲಾಯಿತು.

ಮುಂದಿನ ಹಬ್ಬಕ್ಕೆ ಆ ಜನಾಂಗದ ಉಡುಪು ತರಿಸಿಡಬೇಕೆಂದು ನನಗೆ ಆದೇಶ ಬಂದಿದೆ. ಒಂದೇ ಜೋಡಿ ರಬ್ಬರ್ ಬೂಟು ತರಿಸಿದ್ದೇನೆ. ಆರಂಭದಲ್ಲಿ ಸೇರಲು ಎಂಬತ್ತು ಅರ್ಜಿ ಬಂದಿದ್ದವು. ಪರೀಕ್ಷೆ ಪಾಸಾಗಬೇಕೆಂದು ತಿಳಿದ ಮೇಲೆ ಎಲ್ಲರೂ ತಮ್ಮ ತಮ್ಮ ಜನಾಂಗಗಳಿಗೆ ಹಿಂದಿರುಗಿದರು.